ಅಳಿಸಿದ ಜಾರು

"ಇದನ್ನ ಯಾರು ನುಡಿಸ್ತಿರೋದು?" ಪಿಟೀಲು ಮೇಷ್ಟ್ರು ಸ್ಪೀಕರಿನ ಕಡೆಗೆ ಗದ್ದ ಎತ್ತಿ ಕೇಳಿದರು.

ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಡತಿ, ಗಂಡ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. "ಇನ್ಯಾರು, ನೀವೇ ಕಣ್ರೀ!"

ಮೇಷ್ಟ್ರು ನಗಲಿಲ್ಲ. "ನಾನಾ? ನಾನು ಯಾವತ್ತಾದ್ರೂ ಹೀಗೆ ಮೆಟ್ಟಿಲು ಹತ್ತಿದ ಹಾಗೆ ನುಡಿಸಿದ್ದೀನೇನೇ?"

ಅವಳು ಮೌಸು ಒತ್ತಿ ಪಿಟೀಲನ್ನು ನಿಲ್ಲಿಸಿದಳು.

ಸಂಗೀತ ಕೃತಿ ರಚಿಸುವುದು ಅವಳ ಕಸುಬು. ಕಂಪ್ಯೂಟರು, ಕುಣಿತದ ತಾಳ ಎಲ್ಲವನ್ನೂ ಅದರೊಳಗೆ ತರುತ್ತಾಳೆಂದು ಶಾಸ್ತ್ರೀಯದವರು ಅವಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಸಿನಿಮಾದವರು ಶಾಸ್ತ್ರೀಯದವಳೆಂದು ದೂರ ಇಟ್ಟಿದ್ದರು. ಅವಳು ಯಾರಿಗೂ ಸೊಪ್ಪು ಹಾಕಿದವಳಲ್ಲ. ಈಗ ಊರಿನ ಸಂಗೀತ ಸಭಾಂಗಣದವರು ಕಛೇರಿಗೆಂದು ಹೊಸ ಕೃತಿ ಕೇಳಿದಾಗ ಅವಳಿಗೆ ಹುಟ್ಟಿದ ಆಸೆ ಒಂದೇ: ಗಂಡ ತಮ್ಮ ಪಿಟೀಲನ್ನು ತಾವೇ ಇನ್ನೊಮ್ಮೆ ಕೇಳಬೇಕು. ನರದ ಕಾಯಿಲೆಯಿಂದ ಅವರ ಎಡಗೈ ಬೆರಳುಗಳು ಮಡಚಿಕೊಂಡ ಮೇಲೆ ಮನೆ ಭಣಭಣ ಎನ್ನುತ್ತಿತ್ತು. ಜೀವಮಾನವೆಲ್ಲ ವಾದ್ಯವೃಂದದ ಹಿಂದಿನ ಸಾಲಿನಲ್ಲಿ, ಉಳಿದವರ ಪಿಟೀಲುಗಳ ನಡುವೆ ನುಡಿಸಿದ ಮನುಷ್ಯ. ಅವರೊಬ್ಬರದೇ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಉಳಿದದ್ದು ಅವಳ ಹತ್ತಿರ ಮಾತ್ರ. ಬೆರಳುಗಳು ಪೂರ್ತಿ ಸೋಲುವ ಮೊದಲು ಅವಳು ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಅವರನ್ನು ಮಂಚದ ಅಂಚಿನಲ್ಲಿ ಕೂರಿಸಿ, ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ನುಡಿಸಲು ಹೇಳಿ ಮುದ್ರಿಸಿಕೊಂಡಿದ್ದಳು. ಹಾಗೆ ಬಿಡಿ ಸ್ವರಗಳಿದ್ದರೆ ಕಂಪ್ಯೂಟರಿನಲ್ಲಿ ಯಾವ ಕೃತಿಯನ್ನಾದರೂ ಆ ದನಿಯಲ್ಲಿ ಕಟ್ಟಬಹುದು. "ನೆಟ್ಟಗೆ ಹಿಡೀರಿ, ಅಲ್ಲಾಡಿಸಬೇಡಿ," ಎಂದು ತಾಕೀತು ಮಾಡಿದ್ದಳು. "ಸಂಗೀತಾನ ಪೊಟ್ಟಣ ಕಟ್ತಿದ್ದೀಯ ನೀನು," ಎಂದು ಮೇಷ್ಟ್ರು ಗೊಣಗುತ್ತಲೇ ನುಡಿಸಿದ್ದರು. ಬೇಜಾರಾದಾಗ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರಿ, ಹಾಗೇ ಏನೋ ಒಂದಷ್ಟು ನುಡಿಸಿಬಿಡುತ್ತಿದ್ದರು. "ಅಯ್ಯೋ, ಮತ್ತೆ ಹಾಳು ಮಾಡಿದ್ರಿ!" ಎಂದು ಅವಳು ಸಿಡುಕುತ್ತಿದ್ದಳು.

"ಸ್ವರ ನಂದೇ ಇರಬಹುದು," ಮೇಷ್ಟ್ರು ಈಗ ಅಂದರು. "ಒಂದರಿಂದ ಒಂದಕ್ಕೆ ಹೋಗೋದಿದೆಯಲ್ಲ, ಅದು ನಂದಲ್ಲ. ಜಾರು ಎಲ್ಲಿ?"

"ತಾಳಿ, ಹಾಕ್ತೀನಿ."

ಕಂಪ್ಯೂಟರಿನಲ್ಲಿ ಅದಕ್ಕೂ ಒಂದು ಉಪಾಯವಿತ್ತು. ಅವಳು ಸ್ವರಕ್ಕೆ ಸ್ವರ ಬೆಸೆದು, ಎಳೆದು, ಮತ್ತೆ ಕೇಳಿಸಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸಿದರು. "ಎಣ್ಣೆ ಸವರಿದ ಹಾಗಿದೆ. ಅವತ್ತು ನಿನ್ನ ಹತ್ರ ಬೈಸಿಕೊಂಡು ನಡುನಡುವೆ ನುಡಿಸಿದ್ನಲ್ಲ, ಅದನ್ನ ಹಾಕು."

ಅವಳು ಪರದೆಯ ಕಡೆಗೆ ತಿರುಗಿದಳು.

"ಇದೆ ತಾನೆ?"

"ಅಳಿಸಿಬಿಟ್ಟೆ."

ಪ್ರತಿ ಸ್ವರದ ಹಿಂದುಮುಂದನ್ನು ಕತ್ತರಿಸಿ, ಚೊಕ್ಕ ಮಾಡಿ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಕಸವೆಂದು ಅವಳೇ ಒರೆಸಿ ಹಾಕಿದ್ದಳು. ಅಷ್ಟು ಜತನದಿಂದ ಅವಳು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಈಗ ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕು ಅನಿಸಿತು.

"ಹೋಗ್ಲಿ ಬಿಡು," ಅಂದರು ಮೇಷ್ಟ್ರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಮುಂದಿನ ಭಾಗ ಹಾಕು, ಕೇಳೋಣ."

ಮುಂದಿನ ಭಾಗದಲ್ಲಿ ಪಿಟೀಲಿನ ಜೊತೆಗೆ ಕುಣಿತದ ತಾಳ ಶುರುವಾಗುತ್ತಿತ್ತು. ಮದುವೆ ಮನೆಗಳಲ್ಲೂ ಮೊಬೈಲುಗಳಲ್ಲೂ ಎಲ್ಲರೂ ಕೇಳಿ ಕೇಳಿ ಸವೆಸಿದ ತಾಳವನ್ನೇ ಅವಳು ತಿರುಗಿಸಿ ಮುರುಗಿಸಿ ಕಟ್ಟಿದ್ದಳು. ಇಂಥದ್ದನ್ನು ಕಂಡರಾಗದ ಮೇಷ್ಟ್ರ ಬಲಗೈ ಬೆರಳುಗಳು ಕುರ್ಚಿಯ ಕೈ ಮೇಲೆ ಟಕಟಕ ಬಡಿಯತೊಡಗಿದವು. ಕಾಲೂ ಅಲ್ಲಾಡಿತು.

"ಇದು ಚೆನ್ನಾಗಿದೆ ಕಣೇ! ಮಜಾ ಇದೆ."

ಅವಳು ನೋಡಿದಳು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಗೆಲುವಿತ್ತು. ತಾಳದ ಜೊತೆಗೆ ಪಿಟೀಲು ಇನ್ನೂ ನುಡಿಯುತ್ತಲೇ ಇತ್ತು. ಅವಳು ಮೌಸಿಗೆ ಕೈ ಹಾಕಿ ಪಿಟೀಲನ್ನು ಮಾತ್ರ ಕೊಂಚ ಇಳಿಸಿದಳು. ಇನ್ನೂ ಕೊಂಚ ಇಳಿಸಿದಳು. ಪಿಟೀಲೆಲ್ಲಿ ಎಂದು ಈಗ ಕೇಳಿಯಾರು, ಈಗ ಕೇಳಿಯಾರು ಎಂದು ಅವರ ಮುಖವನ್ನೇ ನೋಡುತ್ತ, ಪೂರ್ತಿ ಇಳಿಸಿದಳು.

ಮೇಷ್ಟ್ರು ತಲೆದೂಗುತ್ತ ತಾಳ ಹಾಕುತ್ತಲೇ ಇದ್ದರು.