ಮುಂದಿನ ಎಡ ಚಕ್ರ

ನಿಯಾಝ್‌ನ ಕಾರು ಹಳೆಯದು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಅದನ್ನು ಕೊಂಡು ತಂದ ದಿನ ಹೆಂಡತಿ ಸಫಿಯಾ, "ಮಕ್ಕಳನ್ನು ಎಂಥ, ಡಿಕ್ಕಿಯಲ್ಲಿ ಕೂರಿಸುವುದಾ?" ಎಂದು ಕೇಳಿದ್ದಳು. ಅವನು ನಕ್ಕು ಸುಮ್ಮನಾಗಿದ್ದ. ಬೇರೆ ಯಾವುದಕ್ಕೂ ಆಸೆಪಟ್ಟವನಲ್ಲ ಅವನು.

ಉಳ್ಳಾಲದಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಾಗ ಅವನು ದೋಹಾದಿಂದ ಸಿಕ್ಕಿದ ವಿಮಾನ ಹತ್ತಿದ. ಬ್ಯಾಟರಿ ಸಾಯಬಾರದೆಂದು ಕಾರಿನ ಒಂದು ಕೀಲಿಯನ್ನು ಕಟ್ಟಡದ ವಾಚ್‌ಮನ್ ದಿಲ್ ಬಹಾದುರನಿಗೆ ಕೊಟ್ಟ. ಇನ್ನೊಂದನ್ನು ಸಫಿಯಾಳ ಅಕ್ಕ ನಶೀದಾಳ ಗಂಡ ಮುಝಮ್ಮಿಲ್ ತಾನೇ ಕೇಳಿ ತೆಗೆದುಕೊಂಡ.

ನಲವತ್ತನೆಯ ದಿನದ ಫಾತಿಹಾ ಮುಗಿಸಿ ಮರಳಿ ಬಂದವನು ಕಾರು ಹೊರಡಿಸಿದರೆ ಎಲ್ಲಿಂದಲೋ ಗುಂಯ್ ಎಂಬ ಸದ್ದು. ವೇಗ ಹೆಚ್ಚಿದಂತೆ ಅದೂ ಏರುತ್ತಿತ್ತು. ಮುಝಮ್ಮಿಲ್ ಪಕ್ಕದಲ್ಲಿ ಕೂತು, ಕನ್ನಡಕ ಸರಿಸಿಕೊಂಡು ಕಿವಿಗೊಟ್ಟ. "ಬಲಕ್ಕೆ ತಿರುಗಿಸು. ಹಾಂ, ಈಗ ಜೋರಾಯ್ತು. ಭಾರವೆಲ್ಲ ಎಡಕ್ಕೆ ಬೀಳ್ತದೆ. ಮುಂದಿನ ಎಡ ಚಕ್ರದ ಬೇರಿಂಗ್ ಹೋಗಿದೆ ಮಾರಾಯ."

"ಸುಮ್ಮನೆ ನಿಂತ ಕಾರಿನ ಬೇರಿಂಗ್ ಹೇಗೆ ಹೋಗ್ತದೆ ಭಾಯಿ?"

"ಸುಮ್ಮನೆ ನಿಂತಿತ್ತು ಅಂತ ಯಾರು ಹೇಳಿದ್ದು? ಕೀಲಿ ಆ ವಾಚ್‌ಮನ್ ಹತ್ರವೂ ಇತ್ತಲ್ಲ."

ಕರೆಸಿ ಕೇಳಿದರೆ ದಿಲ್ ಬಹಾದುರ್ ಕೈ ಮುಗಿದು ನಿಂತ. ತಾನು ಎಂಜಿನ್ ಚಾಲೂ ಮಾಡಿ ಬಂದ್ ಮಾಡುತ್ತಿದ್ದೆನೇ ಹೊರತು ಗೇರು ಮುಟ್ಟಿದವನಲ್ಲ ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಮುಝಮ್ಮಿಲ್ ಸಾಬ್ ಒಯ್ದಿದ್ದರು. ಎರಡು ದಿನ ತರಲೇ ಇಲ್ಲ," ಎಂದು ಸೇರಿಸಿದ.

"ಒಂದು ರೌಂಡ್ ಹೊಡೆದದ್ದು ಹೌದು, ಬ್ಯಾಟರಿಗೋಸ್ಕರ. ಎರಡು ದಿನವಾ? ನೋಡು ಇವನ ಸುಳ್ಳು!" ಎಂದ ಮುಝಮ್ಮಿಲ್.

ನಿಯಾಝ್ ನಂಬಿದ್ದು ಬಂಧುವನ್ನು. ಕಟ್ಟಡದ ಮ್ಯಾನೇಜರಿಗೆ ದೂರು ಕೊಟ್ಟ. ವಾರದೊಳಗೆ ದಿಲ್ ಬಹಾದುರನನ್ನು ಕೆಲಸದಿಂದ ತೆಗೆದು ನೇಪಾಳಕ್ಕೆ ಕಳಿಸಿದರು. ಅವನು ಪೆಟ್ಟಿಗೆ ಹೊತ್ತು ಗೇಟು ದಾಟುವುದನ್ನು ನಿಯಾಝ್ ಬಾಲ್ಕನಿಯಿಂದ ಕಂಡ. ಇಳಿದು ಹೋಗಲಿಲ್ಲ.

ಹೊಸ ಬೇರಿಂಗ್ ಹಾಕಿಸಿದ ಮೇಲೆ ಕಾರು ಕೆಲವು ದಿನ ತೆಪ್ಪಗಿತ್ತು. ಮತ್ತೆ ಅದೇ ಗುಂಯ್. ಈ ಸಲ ಅವನು ಯಾರಿಗೂ ಹೇಳದೆ ಇಂಡಸ್ಟ್ರಿಯಲ್ ಏರಿಯಾದ ಬೇರೊಂದು ಗ್ಯಾರೇಜಿಗೆ ಹೋದ. ಕಾರನ್ನು ಮೇಲಕ್ಕೆತ್ತಿ ಚಕ್ರ ಬಿಚ್ಚಿದ ಮಲಯಾಳಿ ಮೆಕ್ಯಾನಿಕ್, ಚಕ್ರ ಸಿಕ್ಕಿಸುವ ಹಬ್ ತಿರುಗಿಸಿ ತೋರಿಸಿದ. ಅದು ಓಲಾಡುತ್ತಿತ್ತು. "ಹಬ್ ಬಗ್ಗಿದೆ. ಇದರ ಮೇಲೆ ಎಷ್ಟು ಬೇರಿಂಗ್ ಹಾಕಿದರೂ ತಿಂದುಬಿಡ್ತದೆ. ಗಾಡಿ ಎಲ್ಲೋ ಜೋರಾಗಿ ಬಡಿದಿದೆ. ರಿಮ್ಮೂ ಬಡಿದು ನೇರ ಮಾಡಿದ್ದು, ನೋಡಿ."

ರಿಮ್ ಕೊಟ್ಟು, ಪರೀಕ್ಷೆಗೆಂದು ನಿಯಾಝ್‌ನನ್ನು ಹಿಂದಿನ ಬೀದಿಯ ಅಂಗಡಿಗೆ ಕಳಿಸಿದ. ಅಲ್ಲಿಯವನು ಅದನ್ನು ಕಂಡವನೇ, "ಇದು ಪುನಃ ಬಂತಾ? ನಾನೇ ಸರಿಮಾಡಿ ಪೈಂಟ್ ಹೊಡೆದದ್ದು. ಕನ್ನಡಕದ ಒಬ್ಬರು ತಂದಿದ್ದರು. ರೌಂಡ್‌ಅಬೌಟಿನ ಕಟ್ಟೆಗೆ ಹೊಡೆದೆ, ಗಾಡಿಯ ಯಜಮಾನ ಇಂಡಿಯಾದಿಂದ ಬರುವುದರೊಳಗೆ ಆಗಬೇಕು, ಯಲ್ಲಾ ಯಲ್ಲಾ ಅಂತ ಒಂದೇ ಅವಸರ," ಎಂದ.

ನಿಯಾಝ್ ರಿಮ್ಮನ್ನು ಅಲ್ಲೇ ಬಿಟ್ಟು ಹೊರಗೆ ಬಂದು ದಿಲ್ ಬಹಾದುರನ ನಂಬರು ಹುಡುಕಿ ಕರೆ ಮಾಡಿದ. ಅತ್ತ ಅವನದೇ ದನಿ. "ನಾನು ನಿಯಾಝ್, ದೋಹಾದಿಂದ," ಎಂದದ್ದಷ್ಟೇ, ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ತಾಗಲಿಲ್ಲ. ಮ್ಯಾನೇಜರನ ಬಳಿ ಹೋದರೆ, "ಖಲಾಸ್ ಆದ ವಿಷಯ, ಹೊಸಬ ಬಂದಿದ್ದಾನಲ್ಲ," ಎಂದು ಅವನು ಕಂಪ್ಯೂಟರಿನತ್ತ ತಿರುಗಿಕೊಂಡ.

ಶುಕ್ರವಾರ ಜುಮಾ ನಮಾಝ್ ಮುಗಿಸಿ ಎರಡೂ ಸಂಸಾರ ಎಂದಿನಂತೆ ನಿಯಾಝ್‌ನ ಮನೆಯಲ್ಲಿ ಊಟಕ್ಕೆ ಕೂತವು. ಮುಝಮ್ಮಿಲ್ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ರಿಮ್ ಅಂಗಡಿಯವ ನಿಮ್ಮನ್ನು ನೆನಪು ಮಾಡಿದ ಭಾಯಿ," ಎಂದ ನಿಯಾಝ್.

ಮುಝಮ್ಮಿಲನ ಬೆರಳು ನಿಂತಿತು. ತುಸು ಹೊತ್ತಿಗೆ ಮತ್ತೆ ಆಡಿತು. "ನೀನು ಬಾಪನನ್ನು ಮಣ್ಣು ಮಾಡಿ ಬಂದವ. ಆಗ ಹೇಗೆ ಹೇಳಲಿ?"

"ಅವನನ್ನು ಕೆಲಸದಿಂದ ತೆಗೆಯುವಾಗ?"

"ತೆಗೆಸಿದ್ದು ನಾನಲ್ಲ. ದೂರು ಕೊಟ್ಟದ್ದು ಯಾರು? ಅವ ನಿನ್ನೆದುರೇ ನಿಂತು ನಿಜ ಹೇಳಿದನಲ್ಲ. ನೀನು ಕೇಳಿದೆಯಾ?"

ನಿಯಾಝ್ ಎದ್ದು ನಿಂತ. "ನನ್ನ ಮನೆಯಿಂದ ಹೋಗಿ," ಎಂದ.

ನಶೀದಾ ತಟ್ಟೆ ಸರಿಸಿದಳು. "ಒಬ್ಬ ವಾಚ್‌ಮನ್‌ಗೋಸ್ಕರ ಮಕ್ಕಳೆದುರು ಇವರ ಮರ್ಯಾದೆ ತೆಗೀತೀಯಲ್ಲ ನಿಯಾಝ್! ಬಾ ಸಫಿಯಾ, ಒಂದು ಮಾತು ಹೇಳು ನಿನ್ನ ಗಂಡನಿಗೆ."

ಸಫಿಯಾ ಗಂಡನ ಮುಖ ನೋಡಲಿಲ್ಲ. ಅಕ್ಕನ ಚೀಲ ಎತ್ತಿಕೊಂಡು ಅವರನ್ನು ಬೀಳ್ಕೊಡಲು ಕೆಳಗಿಳಿದಳು. ಮರುವಾರ ಅವರು ಬರಲಿಲ್ಲ. ಸಫಿಯಾ ಮಕ್ಕಳನ್ನು ಕರೆದುಕೊಂಡು ನಜ್ಮಾ ಬಡಾವಣೆಯಲ್ಲಿದ್ದ ಅಕ್ಕನ ಮನೆಗೆ ಊಟಕ್ಕೆ ಹೋದಳು. ಹೋಗುವಾಗ, ಅನ್ನ ಕುಕ್ಕರಿನಲ್ಲಿದೆ ಎಂದಳು, ಬಾಗಿಲಿನ ಕಡೆ ಮುಖ ಮಾಡಿಕೊಂಡೇ.