ಕತ್ತರಿ ಬೇಡ

"ಅದು ಹಾಗಲ್ಲ ಶ್ರೀಹರಿ, ಒಳಗಿಂದ ತಗೊಂಡು ಮೇಲೆ ಬರ್ಬೇಕು. ಅಂಕಲ್ ನಂಗೆ ಹೇಳ್ಕೊಟ್ಟಿದ್ದು ಹೀಗೇ," ಎನ್ನುತ್ತ ಅಪರ್ಣಾ ಶವಪೆಟ್ಟಿಗೆಗೆ ಸುತ್ತಿದ್ದ ಹಗ್ಗದ ತುದಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ನಂಗೂ ಅವ್ರೇ ಹೇಳ್ಕೊಟ್ಟಿದ್ದು ತಾಯಿ. ಹೋದ್ಸಲ ಟೈಫೂನ್ ಗಾಳಿಗೆ ನಿಮ್ಮನೆ ಬಟ್ಟೆ ಒಣಗ್ಸೋ ಕೋಲು ಹಾರ್ಹೋಯ್ತು. ನಮ್ದು ಅಲ್ಲಾಡ್ಲಿಲ್ಲ!"

ಜಪಾನಿನ ನಿಶಿ ಕಸಾಯಿ ಬಡಾವಣೆಯ ನೆರೆಹೊರೆಯವರು ನಗಬಾರದ ಹೊತ್ತಿನಲ್ಲಿ ನಕ್ಕುಬಿಟ್ಟರು. ಕೃಪಾಳೂ ನಕ್ಕಳು. ಅಪ್ಪ ಹೋದ ಮೂರು ದಿನದಲ್ಲಿ ಅದು ಅವಳ ಮೊದಲ ನಗು.

ಊರಿನಲ್ಲಾದರೆ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದರು. ಇಲ್ಲಿ ನುಣುಪಾದ ಮರದ ಪೆಟ್ಟಿಗೆ. ಜೀವಮಾನವಿಡೀ ಹಗ್ಗ ಹಿಡಿದ ಅಪ್ಪನನ್ನು ಹಾಗೇ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಳ್ಳುವ ಮೋರಿ ಸಾನ್ ಹತ್ತಿಯ ಹಗ್ಗಕ್ಕೆ ಒಪ್ಪಿದ್ದರು. ಆದರೆ ಚಿತಾಗಾರದಲ್ಲಿ ಅದನ್ನು ತೆಗೆಯಲೇಬೇಕು; ಸರದಿ ಹನ್ನೊಂದೂವರೆಗೆ, ಒಂದು ನಿಮಿಷವೂ ಆಚೀಚೆ ಆಗುವಂತಿಲ್ಲ.

*

ಕೃಪಾಳ ಅಪ್ಪ, ಸಮುದ್ರದ ಗಾಳಿಯೂ ಸೋಕದ ತುಮಕೂರಿನ ಜಯಪ್ರಕಾಶ, ನೌಕಾಪಡೆಯ ತರಬೇತಿ ಹಾಯಿಹಡಗಿಗೆ ಕಿರಿಯ ಅಧಿಕಾರಿಯಾಗಿ ಸೇರಿ, ಕಿರಿಯ ಅಧಿಕಾರಿಯಾಗಿಯೇ ನಿವೃತ್ತರಾದವರು. ಅವರಿಂದ ಗಂಟು ಕಲಿತ ಹುಡುಗರೆಲ್ಲ ಭುಜದ ಪಟ್ಟಿ ಹೆಚ್ಚಿಸಿಕೊಂಡು ಅವರನ್ನು ದಾಟಿ ಹೋದರು.

ಒಂದು ಮಧ್ಯಾಹ್ನ ಬಿರುಗಾಳಿಗೆ ಹಡಗು ವಾಲಿ, ಎಲ್ಲರೂ "ಕತ್ತರಿಸಿ, ಕತ್ತರಿಸಿ" ಎಂದು ಕೂಗುತ್ತಿದ್ದಾಗ, ಇವರು ಹಗ್ಗ ಬಿಚ್ಚಿ ಹಾಯಿ ಇಳಿಸಿದ್ದರು. ವರದಿಯಲ್ಲಿ ಮೇಲಿನವರ ಹೆಸರು ಬಂತು.

"ನಿಮ್ಮ ಹೆಸರೆಲ್ರೀ?" ಹೆಂಡತಿ ಇಂದಿರಾ ಕೇಳಿದ್ದರು.

"ಹಗ್ಗ ಉಳೀತಲ್ಲೇ, ಹೊಸಾ ಹಗ್ಗ!" ಎಂದು ನಕ್ಕು, ಇನ್ನೊಂದು ಸಲ ಅನ್ನ ಬಡಿಸಿಕೊಂಡಿದ್ದರು.

ಮಗಳ ಮನೆಗೆ ಬಂದ ಮೇಲೆ, ಟೈಫೂನ್ ಸುದ್ದಿ ಬಂತೆಂದರೆ ಸಾಕು, ಬಾಲ್ಕನಿಯಿಂದ ಬಾಲ್ಕನಿಗೆ ಹೋಗಿ ಬಟ್ಟೆ ಕೋಲು, ಸೈಕಲ್ಲು, ತುಳಸಿ ಕುಂಡ ಬಿಗಿದು ಬರುತ್ತಿದ್ದರು. ಯಾರಾದರೂ ಕತ್ತರಿ ತಂದರೆ ಮಾತ್ರ ಆ ದಿನವೆಲ್ಲ ಅವರೊಡನೆ ಮಾತಿಲ್ಲ.

*

ಚಿತಾಗಾರದಲ್ಲಿ ಹಗ್ಗ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಆರು ಜನ ಪ್ರೀತಿಯಿಂದ ಆರು ಗಂಟು ಹಾಕಿದ್ದರು, ಒಂದರ ಮೇಲೊಂದು. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಮೂರು.

"ನೀನ್ ಎಳೀಬೇಡ್ವೋ!" ಅಪರ್ಣಾ ಶ್ರೀಹರಿಗೆ ಗದರಿದಳು.

"ನಿಂದೇ ನನ್ನ ಗಂಟಿನ ಮೇಲೆ ಕೂತಿರೋದು, ಮಾರಾಯ್ತಿ!"

ಮೋರಿ ಸಾನ್ ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಎರಡೂ ಕೈಯಲ್ಲಿ ಒಂದು ಕತ್ತರಿ ಚಾಚಿದರು.

"ಬೇಡ," ಎಂದಳು ಕೃಪಾ. "ಇವತ್ತೊಂದಿನ ಕತ್ತರಿ ಬೇಡ, ಪ್ಲೀಸ್." ಹಗ್ಗದ ಹಟ ಅವಳದೇ. ಮುಂದಿನ ಸರದಿಯ ಕುಟುಂಬ ಆಗಲೇ ಬಾಗಿಲಲ್ಲಿ ಬಂದು ನಿಂತಿತ್ತು.

ಇಂದಿರಾ ಕುರ್ಚಿಯಿಂದ ಎದ್ದರು. "ಸರೀರಪ್ಪಾ ಎಲ್ರೂ. ಎಳೆದಷ್ಟೂ ಬಿಗಿಯುತ್ತೆ. ಒಬ್ರಾದ್ರೂ ತಳ್ಳಿ ನೋಡಿದ್ರಾ?"

ಅವರು ಹಗ್ಗವನ್ನು ಹೆಬ್ಬೆರಳಿನಿಂದ ಗಂಟಿನೊಳಕ್ಕೇ ತಳ್ಳಿದರು. ಗಂಟು ಉಸಿರು ಬಿಟ್ಟಂತೆ ಸಡಿಲವಾಯಿತು. ಆಮೇಲೆ ಎರಡನೆಯದು. ಮೂರನೆಯದು.

"ಅಮ್ಮಾ, ನಿಂಗ್ಯಾವಾಗ ಹೇಳ್ಕೊಟ್ರು?"

"ನಂಗ್ಯಾರೇ ಹೇಳ್ಕೊಡ್ತಾರೆ? ನಲವತ್ತೆರಡು ವರ್ಷ ಆ ಮನುಷ್ಯ ಬೇಳೆ ಪೊಟ್ಟಣಾನೂ ಹಡಗಿನ ಗಂಟು ಹಾಕಿ ಇಡ್ತಿದ್ರು. ದಿನಾ ಸಾರು ಆಗ್ಬೇಕಲ್ಲ!"

ಶ್ರೀಹರಿಗೆ ನಗು ತಡೆಯಲಾಗಲಿಲ್ಲ. ಅಪರ್ಣಾ ಅಳುತ್ತಲೇ ನಕ್ಕಳು. ಹನ್ನೊಂದು ಇಪ್ಪತ್ತೊಂಬತ್ತಕ್ಕೆ ಹಗ್ಗ ಇಡಿಯಾಗಿ ಇಂದಿರಾ ಅವರ ತೋಳಿಗೆ ಬಂತು. ಪೆಟ್ಟಿಗೆ ಒಳಗೆ ಸರಿಯಿತು. ಕೃಪಾ ಕೈ ಮುಗಿದಳು.

ಬೂದಿಗಾಗಿ ಕಾಯುವ ಕೋಣೆಯಲ್ಲಿ ಎಲ್ಲರೂ ಹಸಿರು ಚಹಾ ಕುಡಿಯುತ್ತಿದ್ದರು. ಮೋರಿ ಸಾನ್ ಬಂದು ಇಂದಿರಾ ಅವರ ಮುಂದೆ ಮಂಡಿಯೂರಿದರು. ಬಿಳಿ ಕೈಗವಸುಗಳನ್ನು ಒಂದೊಂದೇ ಬೆರಳಾಗಿ ಕಳಚಿ ಜೇಬಿಗಿಟ್ಟು, ಗಂಟು ಕಲಿಯಲು ಬಂದ ಹುಡುಗನಂತೆ ಬರಿಗೈಗಳೆರಡನ್ನೂ ಹಗ್ಗಕ್ಕಾಗಿ ಚಾಚಿದರು.