ಮೊಳೆ ಎಣಿಸಿದ ಮನುಷ್ಯ

ಮೂರನೆಯ ದಿನವೂ ಆ ಕರಿಕೋಟಿನವನು ಕುಲುಮೆಯ ಬಾಗಿಲಲ್ಲಿ ಬಂದು ನಿಂತಾಗ ಮೊಳೆ ಬಡಿಯುತ್ತಿದ್ದ ಗ್ರಿಜೆಲ್ ತೀರ್ಮಾನ ಮಾಡಿಬಿಟ್ಟಳು: ಇವನು ಸುಂಕದವನೇ. ಹೆಸರು ಲಾರಿಮರ್, ದೇಶ ಹೇಗೆ ಸಿರಿವಂತವಾಗುತ್ತದೆಂದು ಪುಸ್ತಕ ಬರೆಯುವ ಪಂಡಿತ ಎಂದು ಊರು ಹೇಳುತ್ತಿತ್ತು. ಊರಿಗೇನು, ಬಾಯಿಗೆ ಬಂದದ್ದು ಹೇಳುತ್ತದೆ! ಪಂಡಿತನಿಗೆ ಮೊಳೆ ಬಡಿಯುವವರ ಹೊಗೆಯಲ್ಲಿ ಏನು ಕೆಲಸ? ಕೈಯಲ್ಲಿ ಗಡಿಯಾರ ಬೇರೆ.

ಅವನ ಕಣ್ಣು ಕಲ್ಲಿದ್ದಲ ಗುಡ್ಡೆಯ ಕಡೆ ಹೊರಳಿದಾಗಲೆಲ್ಲ ಅವಳು ಅಡ್ಡ ಬಂದು ನಿಲ್ಲುತ್ತಿದ್ದಳು. ಅದರಡಿ ಡಚ್ ಹಡಗಿನಿಂದ ಸುಂಕ ತಪ್ಪಿಸಿ ಇಳಿಸಿದ ಎರಡು ಮೂಟೆ ಚಹಾ ಇತ್ತು. ಫೈಫ್‌ನ ಈ ಕಡಲತಡಿಯಲ್ಲಿ ಅಂಥ ಚಹಾ ಯಾರ ಮನೆಯಲ್ಲಿಲ್ಲ? ಆದರೆ ಸಿಕ್ಕಿಬಿದ್ದರೆ ಕುಲುಮೆಯ ಒಡೆಯ ಬಾಲ್ಫರ್ ಅಂದೇ ಎಲ್ಲರನ್ನೂ ಹೊರಗೆ ಹಾಕುತ್ತಿದ್ದ. ಎಪ್ಪತ್ತರ ಅಪ್ಪ ಡೇವಿಟ್‌ಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಕೈ ನಡುಗುತ್ತಿದ್ದರೂ ಒಂದು ಮೊಳೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡುವುದು ಆ ಮುದುಕನಿಗೆ ಉಸಿರಿದ್ದ ಹಾಗೆ.

“ಒಂದು ಮೊಳೆಗೆ ಎಷ್ಟು ಹೊತ್ತು ಹಿಡಿಯತ್ತಮ್ಮ?” ಲಾರಿಮರ್ ಗುಡ್ಡೆಯ ಕಡೆ ಹೆಜ್ಜೆ ಇಟ್ಟ.

“ಅಯ್ಯೋ, ಆ ಕಡೆ ಹೋಗ್ಬೇಡಿ ಸ್ವಾಮಿ, ಬಟ್ಟೆಯೆಲ್ಲ ಮಸಿ ಆಗತ್ತೆ. ಇಲ್ಲಿ ಬನ್ನಿ, ಒಂದು ತಮಾಷೆ ತೋರಿಸ್ತೀನಿ!”

ಅಪ್ಪ ಗಂಜಿ ಕುಡಿಯಲು ಹೋಗಿದ್ದ. ಗ್ರಿಜೆಲ್ ತಮ್ಮಂದಿರಿಬ್ಬರನ್ನು ಕರೆದಳು. ಒಬ್ಬ ಕಂಬಿ ಕಾಯಿಸಿ ಕತ್ತರಿಸಿದ, ಇನ್ನೊಬ್ಬ ಮೊನೆ ಮಾಡಿದ, ಅವಳು ತಲೆ ಬಡಿದಳು. ಬೇಗ ಮುಗಿಸಿ ಕಡಲಿಗೆ ಓಡಲು ಅಪ್ಪನ ಬೆನ್ನ ಹಿಂದೆ ಅವರು ಹೂಡುತ್ತಿದ್ದ ಕಳ್ಳಾಟ ಅದು. ಮುದುಕ ಕಂಡಿದ್ದರೆ ಸುತ್ತಿಗೆ ಬೀಸುತ್ತಿದ್ದ.

ಲಾರಿಮರ್ ಗಡಿಯಾರ ನೋಡಿದ, ಮೊಳೆ ಎಣಿಸಿದ, ನಂಬದೆ ಮತ್ತೆ ಎಣಿಸಿದ. “ಮೂರು ಜನ ಸೇರಿದ್ರೆ ಮೂರು ಪಟ್ಟಲ್ಲ, ನಾಲ್ಕು ಪಟ್ಟು! ಹೀಗೇ ಎಲ್ಲಾ ಕಡೆ ಮಾಡಿದ್ರೆ ಸಾಮಾನೆಲ್ಲ ಅಗ್ಗವಾಗಿ ಬಡವನ ಕಾಲಿಗೂ ಬೂಟು ಸಿಗತ್ತೆ ಕಣಮ್ಮ!” ಎಂದು ಕುಣಿಯುತ್ತ ಹೋದ. ಗುಡ್ಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಸುಂಕದವನ ಕಣ್ಣಿಗೆ ಮಣ್ಣೆರಚಿದೆನೆಂದು ಗ್ರಿಜೆಲ್ ಹಿಗ್ಗಿದಳು, ಪಾಪ.

ಅವನು ನಿಜಕ್ಕೂ ಪಂಡಿತನೇ ಆಗಿದ್ದ. ಬಾಲ್ಫರ್ ಮನೆಯ ಊಟದಲ್ಲಿ ತಾನು ಕಂಡದ್ದನ್ನೆಲ್ಲ ಬಾಯ್ತುಂಬ ಹೇಳಿದ್ದ. ಸೋಮವಾರ ಬೆಳಿಗ್ಗೆಯೇ ಬಾಲ್ಫರ್ ಬಂದ.

“ಇನ್ಮೇಲೆ ಮೂರು ಜನ, ಮೂರು ಕೆಲಸ. ಗ್ರಿಜೆಲ್, ನೀನು ತಲೆ ಬಡಿ.”

“ಮತ್ತೆ ಅಪ್ಪ?”

“ಆ ಕೈಗೆ ಈ ಓಟ ಆಗಲ್ಲ. ಮನೇಲಿರ್ಲಿ.”

ಬಾಲ್ಫರ್ ಹೋದ ಮೇಲೆ ಡೇವಿಟ್ ಸುತ್ತಿಗೆ ಕೆಳಗಿಟ್ಟ. “ಆ ಕೋಟಿನವನಿಗೆ ಇದನ್ನ ತೋರಿಸ್ಕೊಟ್ಟೋರು ಯಾರೇ?”

ಸುಳ್ಳು ಬಾಯಿಗೆ ಬಂದಿತ್ತು, ನುಂಗಿಕೊಂಡಳು. “ನಾನೇ ಅಪ್ಪಾ.”

ಮುದುಕ ಬೈಯಲಿಲ್ಲ. ಅವಳು ಬಡಿದಿಟ್ಟಿದ್ದ ಮೊಳೆಯೊಂದನ್ನು ಎತ್ತಿ, ಬೆರಳಿನಿಂದ ತಲೆ ಸವರಿದ.

“ಮೂರೇ ಪೆಟ್ಟು ಹಾಕಿದ್ದೀಯ. ನಾಲ್ಕು ಹಾಕು, ಇಲ್ದಿದ್ರೆ ತಲೆ ಕಿತ್ಕೊಂಡು ಬರತ್ತೆ” ಎಂದು ಹೇಳಿ ಹೊರಗೆ ನಡೆದ.